ಹೆತ್ತವರ ಆಘಾತ, ಮಕ್ಕಳ ಮನಸ್ಸು: ಕಂಬಂ ಸೀಮೆಯ ಎರಡು ಚರಿತ್ರೆಗಳು

ಯುದ್ಧ, ಊರು ಬಿಟ್ಟು ಓಡಬೇಕಾದ ಸಂದರ್ಭ, ಪೊಲೀಸರ ದೌರ್ಜನ್ಯ, ಕಣ್ಣೆದುರಿನ ಸಾವು, ಮನೆಯೊಳಗಿನ ಹೊಡೆತಬಡಿತ ಮುಂತಾದ ಅನುಭವಗಳು ಮನುಷ್ಯನ ತಾಳಿಕೆಯ ಎಲ್ಲೆಯನ್ನು ದಾಟಿದಾಗ, ಘಟನೆ ಮುಗಿದ ಮೇಲೂ ಒಳಗೇ ಉಳಿದು ನಿದ್ದೆ, ನೆನಪು, ಸಿಟ್ಟು, ಭಯಗಳನ್ನು ತನ್ನ ಹಿಡಿತದಲ್ಲಿಟ್ಟುಕೊಳ್ಳುವ ಗಾಯವನ್ನು ಮನೋವೈದ್ಯರು ಮಾನಸಿಕ ಆಘಾತ ಎನ್ನುತ್ತಾರೆ. ಈ ಗಾಯ ತಿಂಗಳುಗಟ್ಟಲೆ ಮಾಯದೆ, ನಡೆದುಹೋದದ್ದು ಮತ್ತೆ ಮತ್ತೆ ನಡೆಯುತ್ತಿರುವಂತೆ ಕಾಡುವ ಸ್ಥಿತಿಯನ್ನು ಆಘಾತೋತ್ತರ ಒತ್ತಡದ ಕಾಯಿಲೆ ಎಂಬ ಹೆಸರಿನಲ್ಲಿ ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ತನ್ನ ರೋಗವರ್ಗೀಕರಣದ ಕೈಪಿಡಿಗೆ ಸೇರಿಸಿತು. ಅದಕ್ಕೂ ಮೊದಲೇ, 1966ರಲ್ಲಿ, ಕೆನಡಾದ ಮಾಂಟ್ರಿಯಲ್ ನಗರದ ಮನೋವೈದ್ಯ ವಿವಿಯನ್ ರಾಕೋಫ್ ಮತ್ತು ಅವರ ಸಂಗಡಿಗರು ಒಂದು ವಿಚಿತ್ರ ಸಂಗತಿಯತ್ತ ಗಮನ ಸೆಳೆದಿದ್ದರು. ನಾಜಿಗಳ ಸೆರೆಶಿಬಿರಗಳಿಂದ ಬದುಕಿ ಬಂದ ಯಹೂದಿ ತಂದೆತಾಯಿ ಹೊರನೋಟಕ್ಕೆ ಚೇತರಿಸಿಕೊಂಡಂತೆ ಕಾಣುತ್ತಿದ್ದರೂ, ಯುದ್ಧ ಮುಗಿದ ಮೇಲೆ ಹುಟ್ಟಿ ಶಿಬಿರದ ಬೇಲಿಯನ್ನೇ ಕಾಣದ ಅವರ ಮಕ್ಕಳು ತೀವ್ರ ಮಾನಸಿಕ ತೊಂದರೆಗಳೊಂದಿಗೆ ಚಿಕಿತ್ಸೆಗೆ ಬರುತ್ತಿದ್ದರು. ಹೆತ್ತವರು ಅನುಭವಿಸಿದ್ದು ಮಕ್ಕಳಿಗೆ ತಲುಪುವುದು ಹೇಗೆ ಎಂಬ ಪ್ರಶ್ನೆ ವೈದ್ಯಶಾಸ್ತ್ರದ ಚರ್ಚೆಗೆ ಬಂದದ್ದು ಹೀಗೆ.

ಈ ಪ್ರಶ್ನೆಯ ಉದಾಹರಣೆಗಳಿಗಾಗಿ ಯುರೋಪಿನವರೆಗೆ ಹೋಗಬೇಕಾದ ಅಗತ್ಯವಿಲ್ಲ. ತಮಿಳುನಾಡಿನ ತೇನಿ ಮತ್ತು ದಿಂಡಿಗಲ್ ಜಿಲ್ಲೆಗಳು, ತೇನಿಯೊಳಗೆ ಪೆರಿಯಾರ್ ನೀರುಂಡು ಹಸಿರಾಗಿರುವ ಕಂಬಂ ಕಣಿವೆ, ದ್ರಾಕ್ಷಿ, ಬಾಳೆ, ಏಲಕ್ಕಿಗಳಿಗೆ ಹೆಸರಾದ ಸೀಮೆ. ಮನೆಯಲ್ಲಿ ಕನ್ನಡವಾಡುವ ಕಾಪ್ಪಿಲಿಯರು, ಅನುಪ್ಪರು, ದೇವಾಂಗರು ಶತಮಾನಗಳಿಂದ ನೆಲೆಸಿರುವ ಈ ಸೀಮೆ ಮತ್ತು ಅದರ ಅಂಚಿನ ಊರುಗಳು ಕಳೆದ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಎರಡು ದೊಡ್ಡ ಸಾಮೂಹಿಕ ಆಘಾತಗಳನ್ನು ಕಂಡಿವೆ. ಒಂದನ್ನು ಬ್ರಿಟಿಷ್ ಸರ್ಕಾರದ ಕಾನೂನು ಹೇರಿತು, ಇನ್ನೊಂದು ಸಮುದ್ರದಾಚೆಯ ಯುದ್ಧದಿಂದ ಬಂದಿತು.

ಮೊದಲನೆಯದು ಅಪರಾಧಿ ಬುಡಕಟ್ಟುಗಳ ಕಾಯಿದೆಯ ಚರಿತ್ರೆ. 1871ರಲ್ಲಿ ಉತ್ತರ ಭಾರತದಲ್ಲಿ ಜಾರಿಗೆ ಬಂದು 1911ರ ತಿದ್ದುಪಡಿಯ ಮೂಲಕ ಮದ್ರಾಸ್ ಪ್ರಾಂತ್ಯಕ್ಕೂ ಹಬ್ಬಿದ ಈ ಕಾಯಿದೆ, ಒಬ್ಬ ವ್ಯಕ್ತಿ ಮಾಡಿದ ತಪ್ಪಿಗಲ್ಲದೆ ಅವನು ಹುಟ್ಟಿದ ಸಮುದಾಯಕ್ಕಾಗಿಯೇ ಅವನನ್ನು ಅಪರಾಧಿಯೆಂದು ನೋಂದಾಯಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಆಗ ತೇನಿ, ದಿಂಡಿಗಲ್ ಎರಡೂ ಸೇರಿದ್ದ ಮದುರೈ ಜಿಲ್ಲೆಯಲ್ಲಿ ಪಿರಮಲೈ ಕಳ್ಳರ್ ಸಮುದಾಯದ ಗಂಡಸರ ಬೆರಳಚ್ಚು ತೆಗೆದುಕೊಳ್ಳಲಾಯಿತು, ಅವರು ರಾತ್ರಿ ಹೊತ್ತು ಠಾಣೆಯಲ್ಲೋ ಚಾವಡಿಯಲ್ಲೋ ಹಾಜರಿ ಕೊಡಬೇಕಾಯಿತು, ಪರವಾನಗಿ ಇಲ್ಲದೆ ಊರು ದಾಟುವುದು ಶಿಕ್ಷಾರ್ಹವಾಯಿತು. ಜನ ಇಂದಿಗೂ ಇದನ್ನು ಕೈರೇಖೆ ಕಾನೂನು ಎಂದೇ ನೆನೆಯುತ್ತಾರೆ. 1920ರ ಏಪ್ರಿಲ್ 3ರಂದು ಉಸಿಲಂಪಟ್ಟಿ ಸೀಮೆಯ ಪೆರುಂಗಾಮನಲ್ಲೂರಿನಲ್ಲಿ ನೋಂದಣಿಯನ್ನು ವಿರೋಧಿಸಿದವರ ಮೇಲೆ ಪೊಲೀಸರು ಗುಂಡು ಹಾರಿಸಿದಾಗ, ಮಾಯಕ್ಕಾಳ್ ಎಂಬ ಹೆಂಗಸೂ ಸೇರಿದಂತೆ 16 ಮಂದಿ ಸತ್ತರು. ಮದ್ರಾಸ್ ಪ್ರಾಂತ್ಯದಲ್ಲಿ ಕಾಯಿದೆ ರದ್ದಾದದ್ದು 1947ರಲ್ಲಿ. ಅಷ್ಟರಲ್ಲಿ ತಂದೆ ರಾತ್ರಿ ಮನೆಯಲ್ಲಿ ಮಲಗಲಾಗದ ಮನೆಗಳಲ್ಲಿ ಒಂದು ಇಡೀ ತಲೆಮಾರು ಬೆಳೆದಿತ್ತು. ಗಂಡಸರನ್ನೆಲ್ಲ ರಾತ್ರಿ ಚಾವಡಿಗೆ ಕರೆದೊಯ್ದ ಊರಿನಲ್ಲಿ ಮಕ್ಕಳು ಏನನ್ನು ಕಲಿತಿರಬಹುದು ಎಂಬುದನ್ನು ಅಂದಿನ ಯಾವ ಅಧಿಕಾರಿಯೂ ಕೇಳಿಕೊಂಡಂತಿಲ್ಲ. ಸರ್ಕಾರ ಈ ಸಮುದಾಯಕ್ಕಾಗಿ ತೆರೆದ ಕಳ್ಳರ್ ಸುಧಾರಣಾ ಶಾಲೆಗಳು ಮದುರೈ, ತೇನಿ, ದಿಂಡಿಗಲ್ ಜಿಲ್ಲೆಗಳಲ್ಲಿ ಕಾಯಿದೆ ಹೋದ ಮೇಲೂ ಉಳಿದವು. ಸಾವಿರಾರು ಮಕ್ಕಳಿಗೆ ಅಕ್ಷರ ಕೊಟ್ಟ ಈ ಶಾಲೆಗಳ ಹೆಸರಿನಲ್ಲೇ, ಓದಲು ಬಂದ ಮಗುವನ್ನು ಸುಧಾರಿಸಬೇಕಾದವನೆಂದು ಗುರುತಿಸುವ ಹಳೆಯ ದೃಷ್ಟಿಯೂ ಉಳಿದುಕೊಂಡಿತು.

ಎರಡನೆಯದು ಶ್ರೀಲಂಕಾದ ಯುದ್ಧ. 1983ರ ಜುಲೈನಲ್ಲಿ ಕೊಲಂಬೊದಲ್ಲಿ ಆರಂಭವಾದ ತಮಿಳರ ಹತ್ಯಾಕಾಂಡದ ನಂತರ, ಆಮೇಲೆ 1990ರಲ್ಲಿ, 1990ರ ದಶಕದ ನಡುವಿನಲ್ಲಿ, ಮತ್ತೆ 2006ರಿಂದ, ಹೀಗೆ ಅಲೆಯಲೆಯಾಗಿ ದೋಣಿ ಹತ್ತಿ ರಾಮೇಶ್ವರಂ ದಡಕ್ಕೆ ಬಂದವರನ್ನು ಮಂಟಪಂ ಶಿಬಿರದಲ್ಲಿ ನೋಂದಾಯಿಸಿ ತಮಿಳುನಾಡಿನ ಬೇರೆ ಬೇರೆ ಜಿಲ್ಲೆಗಳಿಗೆ ಕಳುಹಿಸಲಾಯಿತು. ನೂರಕ್ಕೂ ಹೆಚ್ಚು ಶಿಬಿರಗಳಲ್ಲಿ ಕೆಲವು ದಿಂಡಿಗಲ್ ಮತ್ತು ತೇನಿ ಜಿಲ್ಲೆಗಳಲ್ಲಿವೆ. ಬಾಂಬು ಬಿದ್ದ ಮನೆ, ಕಾಣೆಯಾದ ಅಣ್ಣತಮ್ಮಂದಿರು, ರಾತ್ರಿಯ ಕಡಲು ಇವೆಲ್ಲವನ್ನೂ ದಾಟಿ ಬಂದವರು ಇಲ್ಲಿ ಹತ್ತಡಿಯ ಗುಡಿಸಲುಗಳಲ್ಲಿ, ತಿಂಗಳ ಸಹಾಯಧನದ ಹಾಜರಿಗೆ ಸಾಲು ನಿಲ್ಲುತ್ತ, 1991ರ ಮೇ ತಿಂಗಳಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾದ ಮೇಲೆ ಪೊಲೀಸ್ ನಿಗಾ ಬಿಗಿಯಾದ ಬೇಲಿಯೊಳಗೆ ಮಕ್ಕಳನ್ನು ಹೆತ್ತು ಬೆಳೆಸಿದರು. ಬಣ್ಣ ಬಳಿಯುವ ಕೂಲಿ ಕೆಲಸ ಹೆಚ್ಚಿನ ಗಂಡಸರಿಗೆ ಜೀವನೋಪಾಯವಾಯಿತು. 1984ರಲ್ಲಿ ಎಸ್.ಸಿ. ಚಂದ್ರಹಾಸನ್ ಅವರು ಸ್ಥಾಪಿಸಿದ, ನಿರಾಶ್ರಿತರೇ ನಡೆಸುವ ಆಫರ್ ಸಂಸ್ಥೆ ಶಿಬಿರದ ಮಕ್ಕಳ ಓದಿನ ಕಡೆಗೆ ವಿಶೇಷ ಗಮನ ಕೊಟ್ಟಿತು, ಅದರ ಫಲವಾಗಿ ಪದವೀಧರರ ಒಂದು ಪೀಳಿಗೆಯೇ ಎದ್ದು ಬಂದಿತು. ಆದರೂ ಆ ಪದವೀಧರರ ಕೈಯಲ್ಲಿ ಪೌರತ್ವ ಇರಲಿಲ್ಲ. ಭಾರತದ ಪೌರತ್ವ ಕಾನೂನಿನ ಪ್ರಕಾರ 1987ರ ಜುಲೈ 1ರಿಂದ ಈಚೆಗೆ ಈ ನೆಲದಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಸಿಗುವುದಿಲ್ಲ, ತಂದೆ ಅಥವಾ ತಾಯಿ ಭಾರತೀಯರಾಗಿರಬೇಕು, 2004ರ ಡಿಸೆಂಬರ್ 3ರ ನಂತರ ಹುಟ್ಟಿದವರಿಗಂತೂ ಷರತ್ತು ಇನ್ನಷ್ಟು ಬಿಗಿ.

ಈ ಎರಡು ಚರಿತ್ರೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದಕ್ಕೆ ಕಾರಣವಿದೆ. ತಲೆಮಾರು ದಾಟುವ ಆಘಾತವನ್ನು ಕುರಿತ ಜನಪ್ರಿಯ ಬರಹಗಳು ಅದನ್ನು ರಕ್ತದಲ್ಲಿ ಹರಿದು ಬರುವ ಶಾಪದಂತೆ ಚಿತ್ರಿಸುವುದುಂಟು. ಅಧ್ಯಯನಗಳು ತೋರಿಸುವ ಚಿತ್ರ ಬೇರೆ. ಆಘಾತ ಹೆಚ್ಚಾಗಿ ದಾಟುವುದು ಮನೆಯ ದಿನದಿನದ ಒಡನಾಟದ ಮೂಲಕ, ಆ ಒಡನಾಟವನ್ನು ಹದಗೆಡಿಸುತ್ತಲೇ ಇರುವ ಹೊರಗಿನ ಪರಿಸ್ಥಿತಿಯ ಮೂಲಕ. ಆದ್ದರಿಂದ ಅದನ್ನು ತಡೆಯುವುದೂ ಸಾಧ್ಯ, ತಡೆಯದೆ ಬಿಟ್ಟರೆ ಅದರ ಹೊಣೆ ಕುಟುಂಬದ್ದು ಮಾತ್ರವಲ್ಲ.

ಮನೆಯೊಳಗಿನ ದಾರಿಯನ್ನು ಮೊದಲು ನೋಡಬಹುದು. ಹಸುಗೂಸು ಜಗತ್ತು ಸುರಕ್ಷಿತವೋ ಅಲ್ಲವೋ ಎಂಬುದನ್ನು ತಿಳಿಯುವುದು ತಾಯಿಯ ಅಥವಾ ತನ್ನನ್ನು ಸಾಕುವವರ ಮುಖದಿಂದ. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ನಡೆಸಿದ ಪ್ರಯೋಗದಲ್ಲಿ, ಮಗುವಿನೊಡನೆ ನಗುತ್ತ ಮಾತಾಡುತ್ತಿದ್ದ ತಾಯಿ ಕೆಲವೇ ನಿಮಿಷ ಭಾವವಿಲ್ಲದ ಮುಖ ಹೊತ್ತು ಸುಮ್ಮನಾದಾಗ, ಮಗು ಮೊದಲು ಅವಳನ್ನು ಮಾತಿಗೆಳೆಯಲು ಏನೆಲ್ಲ ಮಾಡಿ, ಆಮೇಲೆ ಕಂಗೆಟ್ಟು ಮುಖ ತಿರುಗಿಸಿಕೊಳ್ಳುತ್ತಿತ್ತು. ಪ್ರಯೋಗದಲ್ಲಿ ಆ ಸ್ಥಿತಿ ನಿಮಿಷಗಳಲ್ಲಿ ಮುಗಿಯುತ್ತದೆ; ಖಿನ್ನತೆಯಲ್ಲಿ ಮುಳುಗಿದ, ಕಣ್ಣೆದುರಿಗಿದ್ದೂ ಬೇರೆಲ್ಲೋ ಇರುವ ತಾಯಿಯ ಮಗುವಿಗೆ ಅದು ತಿಂಗಳುಗಟ್ಟಲೆ ಇರುತ್ತದೆ. ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಭಾರತದ ಬಡ ಮನೆಗಳಲ್ಲೇ ಕಂಡುಕೊಂಡಿತು: ಹೆರಿಗೆಯ ನಂತರ ಖಿನ್ನತೆಗೊಳಗಾದ ತಾಯಂದಿರ ಶಿಶುಗಳು ತೂಕದಲ್ಲೂ ಬುದ್ಧಿಯ ಬೆಳವಣಿಗೆಯಲ್ಲೂ ಹಿಂದುಳಿಯುವ ಸಂಭವ ಹೆಚ್ಚಿತ್ತು.

ಮಗು ಬೆಳೆದಂತೆ ಪರಿಣಾಮದ ಬಗೆ ಬದಲಾಗುತ್ತದೆ. ಆಘಾತಕ್ಕೊಳಗಾದ ತಂದೆ ಸಣ್ಣ ಸದ್ದಿಗೂ ಬೆಚ್ಚಿಬೀಳುವವನು, ಪೊಲೀಸ್ ಜೀಪಿನ ಶಬ್ದ ಕೇಳಿದರೆ ಮಕ್ಕಳನ್ನು ಒಳಗೆಳೆದು ಬಾಗಿಲು ಹಾಕುವವನು ಆಗಿದ್ದರೆ, ಆ ಶಬ್ದಕ್ಕೆ ಹೆದರಬೇಕು ಎಂಬುದನ್ನು ಮಗು ಕಾರಣ ತಿಳಿಯದೆಯೇ ಕಲಿಯುತ್ತದೆ. ತಾಯಿ ಅಳದಂತೆ, ಅಪ್ಪನಿಗೆ ಸಿಟ್ಟು ಬಾರದಂತೆ ನೋಡಿಕೊಳ್ಳುವುದು ತನ್ನ ಕೆಲಸ ಎಂದು ಭಾವಿಸುವ ಮಗು, ಹತ್ತರ ವಯಸ್ಸಿಗೇ ಮನೆಯ ಹಿರಿಯನ ಸ್ಥಾನಕ್ಕೆ ಏರಿ ತನ್ನ ಬಾಲ್ಯವನ್ನು ಬಿಟ್ಟುಕೊಡುತ್ತದೆ. ನೆಂಟರು ಇಂಥ ಮಗುವನ್ನು ಬಹಳ ಬುದ್ಧಿವಂತ, ಹಟವಿಲ್ಲದವನು ಎಂದು ಹೊಗಳುವುದರಿಂದ ಅದರ ದಣಿವು ಯಾರ ಕಣ್ಣಿಗೂ ಬೀಳುವುದಿಲ್ಲ. ಎಲ್ಲಕ್ಕಿಂತ ಕಠಿಣವಾದದ್ದು ಕುಡಿತ ಮತ್ತು ಹೊಡೆತದ ದಾರಿ. ಶ್ರೀಲಂಕಾದ ಈಶಾನ್ಯ ಭಾಗದಲ್ಲಿ ಕ್ಲೌಡಿಯಾ ಕಟಾನಿ ಮತ್ತು ಸಂಗಡಿಗರು 296 ತಮಿಳು ಶಾಲಾಮಕ್ಕಳನ್ನು ಕುರಿತು ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯುದ್ಧದ ಅನುಭವ ಮತ್ತು ತಂದೆಯ ಕುಡಿತ ಹೆಚ್ಚಿದ್ದಲ್ಲಿ ಮನೆಯೊಳಗೆ ಮಗುವಿನ ಮೇಲಿನ ಹಿಂಸೆಯೂ ಹೆಚ್ಚಿರುವುದು ಕಂಡುಬಂದಿತು. ಹೊರಗಿನ ಯುದ್ಧ ತಂದೆಯ ನಿದ್ದೆ ಕೆಡಿಸಿ, ನಿದ್ದೆಗಾಗಿ ಹಿಡಿದ ಬಾಟಲಿ ಅವನ ಕೈಯನ್ನು ಮಗುವಿನ ಮೇಲೆತ್ತುವಂತೆ ಮಾಡಿದಾಗ, ಆ ಮಗುವಿನ ಪಾಲಿಗೆ ಯುದ್ಧ ಅಪ್ಪನ ಹೆಸರಿನಲ್ಲಿ ಮನೆಗೆ ಬಂದಂತೆ. ಕುಡುಕನೆಂದು ಊರು ಬೈಯುವ ಎಷ್ಟೋ ಮಂದಿ ಚಿಕಿತ್ಸೆ ಸಿಗದ ಆಘಾತಪೀಡಿತರು ಎಂಬುದನ್ನು ಹೇಳುವುದು ಅವರ ಹಿಂಸೆಯನ್ನು ಕ್ಷಮಿಸುವುದಕ್ಕಾಗಿ ಅಲ್ಲ, ಬೈಗುಳದಿಂದ ಮಗುವಿಗೆ ಯಾವ ರಕ್ಷಣೆಯೂ ಸಿಗುವುದಿಲ್ಲ ಎಂಬುದಕ್ಕಾಗಿ.

ಜೀವಶಾಸ್ತ್ರದ ದಾರಿಯೂ ಇದೆ, ಆದರೆ ಅದನ್ನು ಕುರಿತು ಎಚ್ಚರದಿಂದ ಮಾತಾಡಬೇಕು. ಗರ್ಭಿಣಿ ತೀವ್ರ ಒತ್ತಡದಲ್ಲಿದ್ದಾಗ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಅವಳ ದೇಹದಲ್ಲಿ ಏರುಪೇರಾಗಿ ಭ್ರೂಣದ ಬೆಳವಣಿಗೆಯ ಮೇಲೆ ಪರಿಣಾಮ ಬೀರಬಲ್ಲದು. ಇದಲ್ಲದೆ, ವಂಶವಾಹಿಯ ಅಕ್ಷರಗಳು ಬದಲಾಗದಿದ್ದರೂ ಯಾವ ವಂಶವಾಹಿ ಎಷ್ಟು ಕೆಲಸ ಮಾಡಬೇಕು ಎಂಬುದನ್ನು ನಿಯಂತ್ರಿಸುವ ರಾಸಾಯನಿಕ ಗುರುತುಗಳು ಅನುಭವದಿಂದ ಬದಲಾಗುತ್ತವೆ. ಈ ವಿದ್ಯಮಾನದ ಅಧ್ಯಯನಕ್ಕೆ ಎಪಿಜೆನೆಟಿಕ್ಸ್ ಎಂದು ಹೆಸರು. ನ್ಯೂಯಾರ್ಕಿನ ರೇಚಲ್ ಯೆಹೂದಾ ಅವರ ತಂಡ 2016ರಲ್ಲಿ ಪ್ರಕಟಿಸಿದ ಅಧ್ಯಯನ, ನಾಜಿಗಳ ಹತ್ಯಾಕಾಂಡದಿಂದ ಪಾರಾದವರಲ್ಲೂ ಅವರ ಮಕ್ಕಳಲ್ಲೂ ಒತ್ತಡಕ್ಕೆ ಸಂಬಂಧಿಸಿದ ಒಂದು ವಂಶವಾಹಿಯ ಮೇಲೆ ಇಂಥ ಗುರುತುಗಳ ವ್ಯತ್ಯಾಸ ಕಂಡಿತು ಎಂಬ ಸುದ್ದಿ ಜಗತ್ತಿನಾದ್ಯಂತ ಹಬ್ಬಿತು. ಆ ಅಧ್ಯಯನದಲ್ಲಿದ್ದವರು 32 ಮಂದಿ ಹಿರಿಯರು ಮತ್ತು 22 ಮಂದಿ ಮಕ್ಕಳು ಮಾತ್ರ. ಹೋಲಿಕೆಗೆ ತೆಗೆದುಕೊಂಡವರು ಇನ್ನೂ ಕಡಿಮೆ. ಮನುಷ್ಯರಲ್ಲಿ ನೋವು ಹೀಗೆ ನೇರವಾಗಿ ವಂಶದ ಮೂಲಕ ಇಳಿದು ಬರುತ್ತದೆ ಎನ್ನಲು ಅಷ್ಟು ಸಾಲದು. ಮಾಂಟ್ರಿಯಲ್‌ನ ಮೈಕೆಲ್ ಮೀನಿ ಅವರ ತಂಡ ಇಲಿಗಳ ಮೇಲೆ ನಡೆಸಿ 2004ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದಕ್ಕಿಂತ ಹೆಚ್ಚು ಬೆಳಕು ಚೆಲ್ಲುತ್ತವೆ: ಮರಿಗಳನ್ನು ನೆಕ್ಕಿ ಆರೈಕೆ ಮಾಡುವ ತಾಯಿಯ ಬಳಿ ಬೆಳೆದ ಮರಿಗಳು ಒತ್ತಡವನ್ನು ಚೆನ್ನಾಗಿ ತಾಳಿಕೊಳ್ಳುತ್ತಿದ್ದವು, ಉದಾಸೀನ ತಾಯಿಗೆ ಹುಟ್ಟಿದ ಮರಿಗಳನ್ನು ಆರೈಕೆ ಮಾಡುವ ತಾಯಿಯ ಬಳಿ ಬಿಟ್ಟಾಗ ಅವೂ ಹಾಗೆಯೇ ಬೆಳೆಯುತ್ತಿದ್ದವು. ಹೆತ್ತವಳಿಗಿಂತ ಸಾಕಿದವಳ ಆರೈಕೆ ಗುರುತುಗಳನ್ನು ಬರೆಯುತ್ತಿತ್ತು.

ಮಕ್ಕಳೆಲ್ಲರೂ ಕುಗ್ಗುತ್ತಾರೆ ಎಂಬ ಮಾತೂ ಸರಿಯಲ್ಲ. ನಾಜಿಗಳ ಹತ್ಯಾಕಾಂಡದಿಂದ ಪಾರಾದವರ ಮಕ್ಕಳನ್ನು ಕುರಿತ 32 ಗುಂಪುಗಳ, ಒಟ್ಟು 4,418 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ಮರಿನಸ್ ಫಾನ್ ಐಜೆಂಡೋರ್ನ್ ಮತ್ತು ಸಂಗಡಿಗರು 2003ರಲ್ಲಿ ಮಾಡಿದ ವಿಶ್ಲೇಷಣೆ, ಚಿಕಿತ್ಸೆಗೆ ಬಂದವರನ್ನು ಬಿಟ್ಟು ಸಾಮಾನ್ಯ ಜನರ ನಡುವೆ ನೋಡಿದರೆ ಎರಡನೆಯ ತಲೆಮಾರಿಗೆ ಆಘಾತ ದಾಟಿದ ಕುರುಹು ಕಾಣುವುದಿಲ್ಲ ಎಂದಿತು. ಬೇರೆ ಕಾರಣಗಳಿಂದಲೂ ಒತ್ತಡಕ್ಕೆ ಸಿಕ್ಕಿ ಚಿಕಿತ್ಸೆಗೆ ಬಂದವರಲ್ಲಿ ಮಾತ್ರ ಅದು ಕಂಡಿತು. ಯುದ್ಧ ಮುಗಿದ ಮೇಲೆ ಆ ಕುಟುಂಬಗಳಲ್ಲಿ ಅನೇಕರಿಗೆ ಮನೆ, ಪೌರತ್ವ, ತಮ್ಮ ನೋವನ್ನು ಒಪ್ಪಿಕೊಳ್ಳುವ ಸಮಾಜ ಸಿಕ್ಕಿದ್ದವು ಎಂಬುದನ್ನು ಇಲ್ಲಿ ಮರೆಯಬಾರದು. ಕೈರೇಖೆ ಕಾನೂನಿನ ಕೆಳಗೆ ಮೂರು ದಶಕ ಬದುಕಿದ ಕುಟುಂಬಕ್ಕಾಗಲಿ, ನಲವತ್ತು ವರ್ಷ ಶಿಬಿರದಲ್ಲಿರುವ ಕುಟುಂಬಕ್ಕಾಗಲಿ ಅವು ಸಿಗಲಿಲ್ಲ. ಅಪ್ಪನಂತೆ ಮಗನೂ ಹಾಜರಿಗೆ ನಿಲ್ಲಬೇಕಾದ ಕಡೆ, ಅಪ್ಪನ ಭಯ ಮಗನಿಗೆ ಬಂದದ್ದು ಹೇಗೆ ಎಂಬ ಪ್ರಶ್ನೆಗೆ ಮನೋವಿಜ್ಞಾನದಲ್ಲಿ ಮಾತ್ರ ಉತ್ತರ ಹುಡುಕುವುದು ನ್ಯಾಯವಲ್ಲ. ಜಾಫ್ನಾದ ಮನೋವೈದ್ಯ ದಯಾ ಸೋಮಸುಂದರಂ ದಶಕಗಳ ಅನುಭವದಿಂದ ಪ್ರತಿಪಾದಿಸಿದ ಸಾಮೂಹಿಕ ಆಘಾತದ ಕಲ್ಪನೆ ಇದನ್ನೇ ಹೇಳುತ್ತದೆ: ಯುದ್ಧ ವ್ಯಕ್ತಿಗಳನ್ನಷ್ಟೇ ಅಲ್ಲ, ನಂಬಿಕೆ, ನೆರೆಹೊರೆ, ಆಚರಣೆ, ಕುಟುಂಬದ ಕಟ್ಟುಗಳನ್ನೂ ಗಾಯಗೊಳಿಸುತ್ತದೆ, ಆದ್ದರಿಂದ ಚಿಕಿತ್ಸೆಯೂ ಸಮುದಾಯದ ಮಟ್ಟದಲ್ಲಿ ನಡೆಯಬೇಕು.

ಮಕ್ಕಳಿಗೆ ಹಿರಿಯರ ಕಷ್ಟವನ್ನು ಹೇಳಬೇಕೋ ಬೇಡವೋ ಎಂಬ ಪ್ರಶ್ನೆ ಎಲ್ಲ ಮನೆಗಳಲ್ಲೂ ಏಳುತ್ತದೆ. ಮಕ್ಕಳು ನೊಂದುಕೊಳ್ಳಬಾರದೆಂದು ಹೆತ್ತವರು ಬಾಯಿ ಬಿಡುವುದಿಲ್ಲ, ಹೆತ್ತವರು ನೊಂದುಕೊಳ್ಳಬಾರದೆಂದು ಮಕ್ಕಳು ಕೇಳುವುದಿಲ್ಲ. ಎರಡೂ ಕಡೆಯ ಈ ಮೌನವನ್ನು ಮನೋವಿಜ್ಞಾನಿ ಯೇಲ್ ಡನಿಯೆಲಿ ವಿಸ್ತಾರವಾಗಿ ವಿವರಿಸಿದ್ದಾರೆ. ಹೇಳದೆ ಉಳಿದದ್ದನ್ನು ಮಗು ತನ್ನ ಕಲ್ಪನೆಯಿಂದ ತುಂಬಿಕೊಳ್ಳುತ್ತದೆ, ಕಲ್ಪನೆ ಹಲವು ಬಾರಿ ನಿಜಕ್ಕಿಂತ ಭೀಕರವಾಗಿರುತ್ತದೆ, ತನ್ನಿಂದಲೇ ಅಮ್ಮ ಅಳುತ್ತಾಳೆ ಎಂಬ ತಪ್ಪು ತೀರ್ಮಾನಕ್ಕೂ ಅದು ಬರಬಹುದು. ಹಾಗೆಂದು ಎಳೆಯ ಮಗುವಿನ ಮುಂದೆ ಹಿಂಸೆಯ ವಿವರಗಳನ್ನೆಲ್ಲ ಬಿಚ್ಚಿಡುವುದೂ ಅಪಾಯಕರ. ವಯಸ್ಸಿಗೆ ತಕ್ಕಷ್ಟು, ಮೊದಲು ಕೊನೆಗಳಿರುವ ಕಥೆಯಾಗಿ, ಈಗ ನಾವು ಅಪಾಯ ದಾಟಿದ್ದೇವೆ ಎಂಬ ಭರವಸೆಯೊಂದಿಗೆ ಹೇಳಿದ್ದು ಮಗುವಿಗೆ ನೆರವಾಗುತ್ತದೆ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫಿವುಶ್ ಅವರ ಅಧ್ಯಯನಗಳಲ್ಲಿ, ತಮ್ಮ ಮನೆತನದ ಕಷ್ಟಸುಖದ ಕಥೆಗಳನ್ನು ಹೆಚ್ಚು ಬಲ್ಲ ಮಕ್ಕಳಲ್ಲಿ ಆತ್ಮವಿಶ್ವಾಸ ಹೆಚ್ಚು, ಆತಂಕ ಕಡಿಮೆ ಇರುವುದು ಕಂಡಿತು.

ಕಂಬಂ ಕಣಿವೆಯ ಕನ್ನಡ ಕುಟುಂಬಗಳಲ್ಲಿ ಇಂಥದೊಂದು ಹೇಳಿದ ಕಥೆ ಉಂಟು. ತಮ್ಮ ಹಿರಿಯರು ತುಂಗಭದ್ರೆಯ ದಡವನ್ನು ಬಿಟ್ಟು ತೆಂಕಣಕ್ಕೆ ನಡೆದು ಬಂದವರು ಎಂಬ ಅವರ ಐತಿಹ್ಯವನ್ನು ಡಬ್ಲ್ಯೂ. ಫ್ರಾನ್ಸಿಸ್ ಅವರ 1906ರ ಮದುರೈ ಗೆಜೆಟಿಯರ್ ಕೂಡ ದಾಖಲಿಸಿದೆ. ಸ್ವಂತ ನೆಲದಿಂದ ಕದಲಬೇಕಾಗಿ ಬಂದದ್ದು ಆ ತಲೆಮಾರಿಗೆ ಸಣ್ಣ ನೋವಾಗಿರಲಾರದು. ಆದರೆ ಅದು ಮಾತಿನಲ್ಲಿ, ಕುಲದೇವರ ಪೂಜೆಯಲ್ಲಿ, ಕಂಬಂನ ನಂದಗೋಪಾಲಸ್ವಾಮಿಯ ಸನ್ನಿಧಿಯಲ್ಲಿ ಸಾಕುತ್ತ ಬಂದಿರುವ ದೇವರ ದನಗಳ ಮಂದೆಯಲ್ಲಿ, ಮನೆಯಲ್ಲಿ ಉಳಿಸಿಕೊಂಡ ಭಾಷೆಯಲ್ಲಿ ಬಹಿರಂಗವಾಗಿ ನೆನಪಾಗುತ್ತ, ನಾಚಿಕೆಯ ಬದಲು ಹೆಮ್ಮೆಯ ವಿಷಯವಾಯಿತು. ಶತಮಾನಗಳ ಅಂತರವೂ, ನೆಲೆ ನಿಲ್ಲಲು ಸಿಕ್ಕ ಭೂಮಿಯೂ ಇದಕ್ಕೆ ಕಾರಣ ಎಂಬುದು ನಿಜ. ಹಾಗಿದ್ದರೂ ಕಳೆದುಕೊಂಡದ್ದನ್ನು ಊರೆಲ್ಲ ಕೂಡಿ ನೆನೆಯುವ ಸ್ಥಳವೊಂದಿದ್ದರೆ ಮಕ್ಕಳ ಪಾಲಿಗೆ ಅದು ಬೇರೆಯೇ ರೂಪ ಪಡೆಯುತ್ತದೆ ಎಂಬುದಕ್ಕೆ ಇದು ಸಮೀಪದ ಸಾಕ್ಷಿ. ಪೆರುಂಗಾಮನಲ್ಲೂರಿನಲ್ಲಿ ಸತ್ತವರಿಗೆ ಸ್ಮಾರಕವಿದೆ, ಏಪ್ರಿಲ್ 3ರಂದು ಜನ ಅಲ್ಲಿ ಸೇರುತ್ತಾರೆ. ಶಿಬಿರದವರು ಕಳೆದುಕೊಂಡ ಬಂಧುಗಳಿಗೆ, ಕಾಣೆಯಾದವರಿಗೆ ಈ ಸೀಮೆಯಲ್ಲಿ ಅಂಥ ಸ್ಥಳವಿರುವಂತೆ ಕಾಣುವುದಿಲ್ಲ.

ಮಗುವಿನಲ್ಲಿ ಏನನ್ನು ಗಮನಿಸಬೇಕು ಎಂಬುದನ್ನು ಚಿಕ್ಕದಾಗಿ ಹೇಳಬಹುದು. ಕಾರಣವಿಲ್ಲದ ಹೊಟ್ಟೆನೋವು, ತಲೆನೋವು, ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಗುವುದು, ತಾಯಿಯನ್ನು ಬಿಟ್ಟು ಶಾಲೆಗೆ ಹೋಗಲು ವಿಪರೀತ ಹೆದರಿಕೆ, ಓದಿನಲ್ಲಿ ದಿಢೀರನೆ ಹಿಂದೆ ಬೀಳುವುದು, ಹದಿಹರೆಯದಲ್ಲಿ ತನ್ನ ಮೈಗೆ ತಾನೇ ಗಾಯ ಮಾಡಿಕೊಳ್ಳುವುದು ಇವು ವಾರಗಟ್ಟಲೆ ಮುಂದುವರಿದರೆ ವೈದ್ಯರನ್ನು ಕಾಣಬೇಕು. ಆದರೆ ಇಂಥ ಮಗುವನ್ನು ಒಂಟಿಯಾಗಿ ಪರೀಕ್ಷಿಸಿ ಮಾತ್ರೆ ಬರೆದು ಕಳುಹಿಸಿದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಏಕೆಂದರೆ ಹೆತ್ತವರ ಚಿಕಿತ್ಸೆ ಎಷ್ಟೋ ಸಲ ಮಗುವಿನ ಚಿಕಿತ್ಸೆಯೂ ಹೌದು. ಅಮೆರಿಕದಲ್ಲಿ ಮಿರ್ನಾ ವೈಸ್‌ಮನ್ ಮತ್ತು ಸಂಗಡಿಗರು ಖಿನ್ನತೆಯ 151 ತಾಯಂದಿರನ್ನೂ ಅವರ ಮಕ್ಕಳನ್ನೂ ಗಮನಿಸಿ 2006ರಲ್ಲಿ ವರದಿ ಮಾಡಿದಂತೆ, ಮೂರು ತಿಂಗಳ ಚಿಕಿತ್ಸೆಯಲ್ಲಿ ತಾಯಿ ಚೇತರಿಸಿಕೊಂಡ ಮನೆಗಳಲ್ಲಿ ಮಕ್ಕಳ ಮಾನಸಿಕ ತೊಂದರೆಗಳು ಕಡಿಮೆಯಾದವು, ತಾಯಿ ಚೇತರಿಸಿಕೊಳ್ಳದ ಮನೆಗಳಲ್ಲಿ ಹೆಚ್ಚಾದವು. ಅಧ್ಯಯನದ ಭಾಗವಾಗಿ ಚಿಕಿತ್ಸೆ ಕೊಟ್ಟದ್ದು ತಾಯಿಗೆ ಮಾತ್ರ. ಇದಕ್ಕೆ ದೊಡ್ಡ ಆಸ್ಪತ್ರೆಯೇ ಬೇಕೆಂದೂ ಇಲ್ಲ. ಪಾಕಿಸ್ತಾನದ ಹಳ್ಳಿಗಳಲ್ಲಿ ಆತಿಫ್ ರೆಹಮಾನ್ ಅವರ ತಂಡ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು ಗರ್ಭಿಣಿಯರ, ಬಾಣಂತಿಯರ ಮನೆಗೇ ಕಳುಹಿಸಿದಾಗ ತಾಯಂದಿರ ಖಿನ್ನತೆ ಅರ್ಧಕ್ಕಿಂತ ಕೆಳಗಿಳಿಯಿತು, ಅವರ ಶಿಶುಗಳಿಗೆ ಭೇದಿ ಕಡಿಮೆಯಾಯಿತು, ಲಸಿಕೆಗಳು ಸರಿಯಾಗಿ ಬಿದ್ದವು ಎಂದು 2008ರಲ್ಲಿ ಪ್ರಕಟವಾದ ಅದರ ಫಲಿತಾಂಶ ತಿಳಿಸುತ್ತದೆ.

ಈ ದಿಕ್ಕಿನಲ್ಲಿ ಕರ್ನಾಟಕದ ಕೊಡುಗೆ ಸಣ್ಣದಲ್ಲ. ಮನೋವೈದ್ಯರಿಲ್ಲದ ಕಡೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಚಿಕಿತ್ಸೆ ಒದಗಿಸಬಹುದೆಂದು ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ತುಂಗಭದ್ರೆಯ ಸೀಮೆಯಾದ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟಿತು. 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು, ತೇನಿ ಮತ್ತು ದಿಂಡಿಗಲ್ ಜಿಲ್ಲೆಗಳಿಗೂ ಕಾಲಕ್ರಮದಲ್ಲಿ ತಲುಪಿತು. ತೀವ್ರ ಮಾನಸಿಕ ಕಾಯಿಲೆಯ ತಾಯಿಯನ್ನು ಅವಳ ಕೂಸಿನೊಂದಿಗೇ ದಾಖಲಿಸಿಕೊಳ್ಳುವ ತಾಯಿ-ಶಿಶು ಘಟಕವನ್ನು ನಿಮ್ಹಾನ್ಸ್ 2009ರಲ್ಲಿ ತೆರೆಯಿತು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ದೇಶದ ಯಾವ ಮೂಲೆಯಿಂದಲಾದರೂ ಉಚಿತವಾಗಿ ಕರೆ ಮಾಡಿ ತಮಿಳಿನಲ್ಲೂ ಕನ್ನಡದಲ್ಲೂ ಸಲಹೆ ಪಡೆಯಬಹುದು. ಈ ವ್ಯವಸ್ಥೆಗಳಲ್ಲಿ ಇನ್ನೂ ಕೊರತೆಯಾಗಿರುವುದು ಮಗುವನ್ನು ಕರೆತಂದ ತಂದೆತಾಯಿಯನ್ನು ನಿಮಗೇನಾಗಿತ್ತು ಎಂದು ಕೇಳುವ ಅಭ್ಯಾಸ. ತಮಿಳುನಾಡಿನಲ್ಲಿ 2021ರಿಂದ ಮನೆಬಾಗಿಲಿಗೇ ಬಂದು ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಗೆ ಮಾತ್ರೆ ಕೊಡುವ ಯೋಜನೆಯ ಕಾರ್ಯಕರ್ತೆಯರು ನಿದ್ದೆ ಬರುತ್ತದೆಯೇ, ಬದುಕು ಬೇಡವೆನಿಸುತ್ತದೆಯೇ ಎಂಬ ಎರಡು ಪ್ರಶ್ನೆಗಳನ್ನು ಸೇರಿಸಿಕೊಂಡರೂ ಎಷ್ಟೋ ಮಕ್ಕಳಿಗೆ ಉಪಕಾರವಾದೀತು.

ಪರಿಸ್ಥಿತಿ ಬದಲಾಗುವ ಲಕ್ಷಣಗಳೂ ಇವೆ. 2021ರಲ್ಲಿ ತಮಿಳುನಾಡು ಸರ್ಕಾರ ನಿರಾಶ್ರಿತರ ಶಿಬಿರಗಳನ್ನು ಶ್ರೀಲಂಕಾ ತಮಿಳರ ಪುನರ್ವಸತಿ ಶಿಬಿರಗಳೆಂದು ಕರೆಯತೊಡಗಿತು. 2022ರ ಸೆಪ್ಟೆಂಬರ್‌ನಲ್ಲಿ ದಿಂಡಿಗಲ್ ಬಳಿಯ ತೋಟ್ಟನೂತ್ತಿನಲ್ಲಿ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಉದ್ಘಾಟಿಸಿದ 321 ಮನೆಗಳಿಗೆ ಮೂರು ಶಿಬಿರಗಳ ಕುಟುಂಬಗಳು ಸ್ಥಳಾಂತರಗೊಂಡವು. ಗಟ್ಟಿ ಗೋಡೆ, ಬಾಗಿಲಿಗೆ ಚಿಲಕ, ಹೆಣ್ಣುಮಕ್ಕಳಿಗೆ ಸ್ನಾನಕ್ಕೆ ಮರೆ ಇವು ಮನೋವೈದ್ಯರ ಪುಸ್ತಕಗಳಲ್ಲಿ ಔಷಧವೆಂದು ಬರೆದಿಲ್ಲದಿದ್ದರೂ, ಎದೆಯಲ್ಲಿ ಭಯ ಹೊತ್ತ ತಾಯಿಗೆ ರಾತ್ರಿ ನಿದ್ದೆ ಬರುವುದಕ್ಕೆ ಮೊದಲು ಬೇಕಾದವು ಅವೇ. ಆ ಮನೆಗಳಲ್ಲಿ ಈಗ ಬೆಳೆಯುತ್ತಿರುವುದು ದೋಣಿಯಲ್ಲಿ ಬಂದವರ ಮೊಮ್ಮಕ್ಕಳು. ಅವರ ಪೌರತ್ವದ ಪ್ರಶ್ನೆ ಇನ್ನೂ ಬಗೆಹರಿದಿಲ್ಲ.